ಕಂಪ್ಯೂಟರಿನಲ್ಲಿ ನಿಂತುಹೋದ ಸೂರ್ಯ

ನಮ್ಮವ್ವನನ್ನು ಮೇಸ್ತ್ರಿ ಜಾಗದಿಂದ ಇಳಿಸಿ ಸಿಪ್ಪೆ ರಾಶಿಯ ಪಕ್ಕ ಕೂರಿಸಿದ್ದಾರೆ ಎಂದು ಗೊತ್ತಾದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಕನ್ನಡಿ ಮುಂದೆ ನಿಂತು ಅದಕ್ಕೆ ಕಾರಣವಾದ ರೈಟರ್ ದನಿಯನ್ನು ಅಭ್ಯಾಸ ಮಾಡಿದ್ದು. ಬೇರೆಯವರ ಮಗನಾಗಿದ್ದರೆ ದೊಣ್ಣೆ ಹುಡುಕುತ್ತಿದ್ದ. ನನ್ನ ಮೈಕಟ್ಟು ನೋಡಿದರೆ ದೊಣ್ಣೆಯೇ ನನ್ನನ್ನು ಹಿಡಿದುಕೊಂಡ ಹಾಗೆ ಕಾಣುತ್ತದೆ. ದೇವರು ನನಗೆ ಕೊಟ್ಟಿರುವುದು ಒಂದು ಗಂಟಲು ಮಾತ್ರ. ಅದರಿಂದ ಬಸ್ ಕಂಡಕ್ಟರ್, ಬ್ಯಾಂಕ್ ಮ್ಯಾನೇಜರ್, ನಮ್ಮ ಬೀದಿಯ ಎಮ್ಮೆ, ಎಲ್ಲವೂ ಬರುತ್ತವೆ. ನನ್ನದೇ ಆದ ದನಿ ಯಾವುದು ಎಂದು ಕೇಳಿದರೆ ಮಾತ್ರ ತಡಬಡಾಯಿಸುತ್ತೇನೆ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ಹುಣಸೆಹಣ್ಣಿನ ಶೆಡ್ಡು ಒಂದಿದೆ. ಮಾಘ ಕಳೆಯುವ ಹೊತ್ತಿಗೆ ಮದಲೂರು ಕೆರೆ ಕಡೆಯಿಂದ, ಬುಕ್ಕಾಪಟ್ಟಣದಿಂದ, ಕೊರಟಗೆರೆ ಸುತ್ತಿನ ಹಳ್ಳಿಗಳಿಂದ ಹಣ್ಣು ಬರಲು ಶುರುವಾಗುತ್ತದೆ. ನಲವತ್ತು ಜನ ಹೆಂಗಸರು ಸಾಲಾಗಿ ಕೂತು ಬಡಿದು, ಸಿಪ್ಪೆ ಬಿಡಿಸಿ, ನಾರು ಎಳೆದು, ಬೀಜ ತೆಗೆಯುತ್ತಾರೆ. ತೆಗೆದ ಹಣ್ಣನ್ನು ಮುಂದಿನ ಸಿಮೆಂಟ್ ಕಣದಲ್ಲಿ ಹರಡಿ ಒಣಗಿಸಬೇಕು. ಅದರ ಮೇಲೆ ಮಳೆ ಬಿತ್ತೋ, ಹಣ್ಣು ಕಪ್ಪಗಾಗಿ ಯಾರೂ ಮೂಸಿ ನೋಡುವುದಿಲ್ಲ. ಹರಡಬೇಕೋ ಬೇಡವೋ ಎಂದು ಬೆಳಗ್ಗೆ ಹೇಳುವವಳು ಮೇಸ್ತ್ರಿ. ಹನ್ನೊಂದು ವರ್ಷ ಆ ಮಾತು ಹೇಳಿದವಳು ನಮ್ಮವ್ವ.

ಅವಳ ವಿದ್ಯೆ ಬಹಳ ಸರಳ. ಶೆಡ್ಡಿಗೆ ಬಂದ ಕೂಡಲೇ ಹಿಂದಿನ ದಿನದ ರಾಶಿಯಿಂದ ಒಂದು ಹಣ್ಣು ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಅಮುಕುತ್ತಿದ್ದಳು. ಬೆರಳು ಸಲೀಸಾಗಿ ಬಿಟ್ಟುಕೊಂಡರೆ ಹರಡಬಹುದು. ಅಂಟಿ ಎಳೆ ಬಂದರೆ ಗಾಳಿಯಲ್ಲಿ ನೀರಿದೆ, ಹರಡಬಾರದು. ಹುಣಸೆಹಣ್ಣು ಗಾಳಿಯ ಪಸೆಯನ್ನು ಮನುಷ್ಯರಿಗಿಂತ ಮೊದಲು ಕುಡಿಯುತ್ತದಂತೆ. "ಅಕ್ಕ, ಹರಡಾನಾ?" ಎಂದು ನಲವತ್ತು ಜನ ಕೇಳುವುದು, ಅವಳು ಬೆರಳು ನೋಡಿಕೊಂಡು ಒಂದು ಗಳಿಗೆ ಸುಮ್ಮನಿರುವುದು, ಆಮೇಲೆ "ಹೂಂ" ಅನ್ನುವುದು. ಆ ಒಂದು ಗಳಿಗೆಯ ಮೌನದಲ್ಲಿ ಅವಳು ಜಿಲ್ಲಾಧಿಕಾರಿಯ ಹಾಗೆ ಕಾಣುತ್ತಿದ್ದಳು.

ಆ ಗಳಿಗೆಯನ್ನು ಅವಳ ಕೈಯಿಂದ ಕಿತ್ತುಕೊಂಡವನು ನಾನೇ. ಮಧುಗಿರಿ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಕೆಲಸ. ಅರ್ಜಿ ತುಂಬುತ್ತೇನೆ, ಕಂಪ್ಯೂಟರ್ ಕೆಟ್ಟರೆ ನೋಡುತ್ತೇನೆ. ಹೋದ ವರ್ಷ ಶೆಡ್ಡಿನ ಸಾಹುಕಾರರು ಆಫೀಸಿಗೆ ಒಂದು ಕಂಪ್ಯೂಟರ್ ತರಿಸಿ, ಮಳೆ ಬಿಸಿಲಿನ ಸಮಾಚಾರ ಅದರಲ್ಲಿ ಸದಾ ಕಾಣುವಂತೆ ಮಾಡು ಎಂದರು. ಅವರು ಸಿರಾದವರು, ಸೋಮವಾರಕ್ಕೊಮ್ಮೆ ಬಂದುಹೋಗುವವರು. ನಾನು ಹವಾಮಾನದ ವಿಜೆಟ್ ಒಂದನ್ನು ಪರದೆಯ ಮೇಲೆ ಕೂರಿಸಿ, ಹಣ್ಣು ಬರುವ ನಾಲ್ಕು ಊರುಗಳನ್ನು ಸಾಲಾಗಿ ಹಾಕಿದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ. ಪ್ರತಿ ಊರಿನ ಕೆಳಗೂ ಒಂದು ಪುಟ್ಟ ಚಿತ್ರ, ಅದರ ಕೆಳಗೆ ಎಷ್ಟು ಡಿಗ್ರಿ ಎಂಬ ಅಂಕಿ. ಹಾಕಿ ಮುಗಿಸಿ, ಟೀವಿಯಲ್ಲಿ ಹವಾಮಾನ ಓದುವ ಹೆಂಗಸಿನ ದನಿಯಲ್ಲಿ ನಾಲ್ಕೂ ಊರನ್ನು ಓದಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡೆ. ನಮ್ಮವ್ವನೂ ನಕ್ಕಳು, ಪಾಪ. ಇನ್ನು ಮೇಲೆ ತನ್ನ ಬೆರಳನ್ನು ಯಾರೂ ಕೇಳುವುದಿಲ್ಲ ಎಂಬುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದದ್ದು ರೈಟರಿಗೆ.

ರೈಟರ್ ಎಂದರೆ ಶೆಡ್ಡಿನ ಲೆಕ್ಕ ಬರೆಯುವವರು. ಪಾವಗಡದಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಅವರ ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಇಳಿಯುತ್ತದೆ. ಆ ಇಳಿಯುವ ಜಾಗ ನನಗೆ ಬಹಳ ಇಷ್ಟ. ಆಯುಧಪೂಜೆಯ ದಿನ ಹೆಂಗಸರ ಮುಂದೆ ಅದನ್ನೇ ಮಾಡಿ ತೋರಿಸುತ್ತಿದ್ದಾಗ ಹಿಂದೆ ಬಂದು ನಿಂತಿದ್ದರು. ಅವತ್ತಿನಿಂದ ನನ್ನ ಹೆಸರು ಕೋತಿ.

ವಿಜೆಟ್ ಬಂದ ಮೇಲೆ ಬೆಳಗಿನ ಹುಕುಂ ಅವರದಾಯಿತು. ಮಾನಿಟರನ್ನು ಬಾಗಿಲ ಕಡೆ ತಿರುಗಿಸಿ ಬೆರಳಿಟ್ಟು ತೋರಿಸುವುದು, ಹರಡಿ ಅನ್ನುವುದು. ಅವ್ವನ ಮೇಸ್ತ್ರಿಕೆ ಹಾಗೇ ಇತ್ತು, ಆದರೆ ಅವಳು ಮಾಡುತ್ತಿದ್ದದ್ದು ಅವರ ಮಾತನ್ನು ಕಣಕ್ಕೆ ಮುಟ್ಟಿಸುವ ಕೆಲಸ ಅಷ್ಟೇ.

ಈ ವರ್ಷ ಆ ವಿಜೆಟ್ ಯಾವತ್ತು ನಿಂತುಹೋಯಿತೋ ಬಹಳ ದಿನ ಯಾರಿಗೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ನಮ್ಮ ಸೀಮೆಯ ಬೇಸಿಗೆಯಲ್ಲಿ ಸತ್ತ ವಿಜೆಟ್ಟೂ ಸತ್ಯವನ್ನೇ ಹೇಳುತ್ತದೆ. ದಿನಾ ಬಿಸಿಲು, ನಾಲ್ಕೂ ಊರಲ್ಲಿ ಬಿಸಿಲು. ಏಪ್ರಿಲ್ ಶುರುವಿನಲ್ಲಿ ಒಂದು ದಿನ ರೈಟರ್ ನನಗೆ ಫೋನ್ ಮಾಡಿದರು.

"ಏಮ್ರಾ ಕೋತಿ, ನಿನ್ನ ಸೂರ್ಯ ಮೂವತ್ತೆರಡಕ್ಕೇ ನಿಂತವ್ನೆ. ಇಲ್ಲಿ ನನ್ನ ನೆತ್ತಿ ಬೇಯ್ತಾ ಐತೆ, ಇದು ಮೂವತ್ತೆರಡೇ ಅಂತದೆ. ವಚ್ಚಿ ಚೂಡು, ಬಂದು ನೋಡು."

ಅಂಗಡಿಯಲ್ಲಿ ಅರ್ಜಿ ಹಿಡಿದವರ ಸಾಲು ರಸ್ತೆವರೆಗೆ ಇತ್ತು. ಅಷ್ಟು ಜನರ ಮುಂದೆ ಫೋನಿನೊಳಗಿಂದ ಕೋತಿ ಎಂದು ಜೋರಾಗಿ ಕೇಳಿಸಿದ್ದು ಬೇರೆ. ನಾನು ಮೂಗು ಹಿಡಿದುಕೊಂಡು ಫೋನ್ ಕಂಪನಿಯ ಹೆಂಗಸಿನ ದನಿ ತೆಗೆದೆ.

"ಮಾನ್ಯ ಗ್ರಾಹಕರೇ, ನಿಮ್ಮ ಸೂರ್ಯ ಅಪ್‌ಡೇಟ್ ಆಗಲು ಹದಿನೈದು ಕೆಲಸದ ದಿನಗಳು ಬೇಕಾಗುತ್ತವೆ. ಅಲ್ಲಿಯವರೆಗೆ ದಯವಿಟ್ಟು ಯಾವುದೇ ಬಟನ್ನನ್ನು ಒತ್ತಬೇಡಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ಕಡೆ ನಗು ಇಲ್ಲ. "ಹದಿನೈದು ದಿನಾನಾ? ಭಾನುವಾರ ಬಿಟ್ಟಾ?" ಎಂದು ಕೇಳಿದರು. ನಾನು ನನ್ನ ದನಿಗೆ ವಾಪಸ್ ಬಂದು, "ಹೂಂ ಸಾರ್, ಭಾನುವಾರ ಬಿಟ್ಟು. ಸರ್ವರ್ ಪ್ರಾಬ್ಲಮ್ಮು" ಎಂದೆ. ಸಂಜೆಯ ಹೊತ್ತಿಗೆ ಆ ಮಾತೇ ನನಗೆ ಮರೆತುಹೋಗಿತ್ತು.

ಮಳೆ ಬಂದದ್ದು ಅದಾಗಿ ಹನ್ನೊಂದನೇ ದಿನ.

ಅವತ್ತು ಬೆಳಗ್ಗೆ ಏನಾಯಿತು ಎಂಬುದನ್ನು ನಮ್ಮ ಪಕ್ಕದ ಮನೆಯ ಅತ್ತೆಯಿಂದ ಕೇಳಿ ತಿಳಿದುಕೊಂಡೆ. ಅವಳೂ ಶೆಡ್ಡಿನಲ್ಲಿ ಕೂರುವವಳೇ. ಅವ್ವ ಎಂದಿನಂತೆ ಹಣ್ಣು ಅಮುಕಿ ನೋಡಿದಳಂತೆ. ಬೆರಳು ಬಿಡದೆ ಜೇನಿನ ಹಾಗೆ ಎಳೆ ಬಂತಂತೆ. ಆಫೀಸಿನ ಬಾಗಿಲಿಗೆ ಹೋಗಿ, "ರೈಟ್ರೇ, ಇವತ್ತು ಬ್ಯಾಡ. ಹಣ್ಣು ಅಂಟ್ತಾ ಐತೆ. ಮೂಡ್ಲಾಗೆ ಮೋಡ ಬೇರೆ ಕಟ್ತಾ ಐತೆ" ಎಂದಳಂತೆ.

ಅವರು ಮಾನಿಟರ್ ತಿರುಗಿಸಿದರು. ಕೆಟ್ಟಿರುವುದು ಅಂಕಿ ಮಾತ್ರ, ಚಿತ್ರವಲ್ಲ ಎಂದುಕೊಂಡಿದ್ದರೋ ಏನೋ. "ಏಮಮ್ಮಾ, ಬೆರಳು ನೋಡಿ ಮಳೆ ಹೇಳೋ ಕಾಲನಾ ಇದು? ಇಲ್ಲಿ ನೋಡು. ಮಧುಗಿರಿ, ಸೂರ್ಯ. ಸಿರಾ, ಸೂರ್ಯ. ಕೊರಟಗೆರೆ, ಸೂರ್ಯ. ಮಾ ಪಾವಗಡ, ಸೂರ್ಯ. ನಾಲ್ಕು ಸೂರ್ಯ ಕಾದಾ, ಅಲ್ವಾ? ಹರಡು, ಪೋ."

ಹರಡಿದರು. ಮೂರು ಗಂಟೆಗೆ ಆಲಿಕಲ್ಲು ಸಮೇತ ಸುರಿಯಿತು. ನಲವತ್ತು ಜನ ಎದ್ದುಬಿದ್ದು ಓಡಿ, ಸೆರಗಿನಲ್ಲಿ, ಚೀಲದಲ್ಲಿ, ಕೈಗೆ ಸಿಕ್ಕಿದ್ದರಲ್ಲಿ ಬಾಚಿದರೂ ಅರ್ಧ ಕಣ ನೆಂದುಹೋಯಿತು. ಕೆಂಪು ನೀರು ಚರಂಡಿಗೆ ಹರಿಯಿತು. ರೈಟರ್ ಆಫೀಸಿನೊಳಗಿಂದಲೇ ಸಿರಾಕ್ಕೆ ಫೋನ್ ಹಚ್ಚಿ, ಮೇಸ್ತ್ರಿ ನನ್ನ ಮಾತು ಕೇಳದೆ ಹರಡಿಬಿಟ್ಟಳು ಎಂದರು. ಸಾಹುಕಾರರು ಹಿಂದುಮುಂದು ವಿಚಾರಿಸದೆ, ಹಾಗಾದರೆ ಇಳಿಸಿ ಎಂದರು. ಮಳೆ ಇನ್ನೂ ನಿಂತಿರಲಿಲ್ಲ, ಅವ್ವ ಇನ್ನೂ ತಲೆ ಒರೆಸಿಕೊಂಡಿರಲಿಲ್ಲ. ನಿಂತ ನಿಲುವಿನಲ್ಲೇ ಅವಳನ್ನು ಹಿಂದಿನ ಸಿಪ್ಪೆ ರಾಶಿಯ ಹತ್ತಿರ ಕೂರಲು ಹೇಳಿದರು.

ಅವ್ವ ಮನೆಯಲ್ಲಿ ಇದರ ಒಂದು ಮಾತನ್ನೂ ಎತ್ತಿರಲಿಲ್ಲ. ನಾನೇ ಕೇಳಿದಾಗ, "ಆ ಕಡೆ ನೆಳ್ಳೈತೆ ಕಣ್ಲಾ, ತಂಪಾಗೈತೆ" ಎಂದಳು. ಸಿಪ್ಪೆಯ ಧೂಳಿಗೆ ಅವಳ ಕಣ್ಣು ಕೆಂಪಗೆ ಊದಿದ್ದವು. ಹನ್ನೊಂದು ವರ್ಷ "ಅಕ್ಕ, ಹರಡಾನಾ" ಎಂದು ಕೇಳಿಸಿಕೊಂಡವಳು ಈಗ ಆ ಪ್ರಶ್ನೆಯನ್ನು ಬೇರೆ ಯಾರನ್ನೋ ಕೇಳುವುದನ್ನು ದೂರದಿಂದ ಕೇಳಿಸಿಕೊಂಡು ತಲೆ ಬಗ್ಗಿಸಿ ನಾರು ಎಳೆಯುತ್ತಿದ್ದಳು.

ನನಗೆ ಬಂದ ಸಿಟ್ಟು ಎರಡು ಬಗೆಯದು. ರೈಟರ್ ಮೇಲಿನದು ಬಾಯಿಗೆ ಬರುತ್ತಿತ್ತು. ಹದಿನೈದು ಕೆಲಸದ ದಿನ ಎಂದ ನನ್ನದೇ ಮೂಗಿನ ಮೇಲಿನದು ಬಾಯಿಗೆ ಬರುತ್ತಿರಲಿಲ್ಲ. ಅವ್ವನ ಎದುರು ಆ ಎರಡನೆಯದನ್ನು ನುಂಗಿಕೊಂಡೆ. ನುಂಗಿದ್ದೂ ಮೊದಲನೆಯದಕ್ಕೇ ಹೋಗಿ ಸೇರಿತು. ಇವನನ್ನು ಆ ನಲವತ್ತು ಜನರ ಮುಂದೆ ನಿಲ್ಲಿಸಿ ಸಣ್ಣವನನ್ನಾಗಿ ಮಾಡದೆ ಬಿಟ್ಟರೆ ನಾನು ನಿಜಕ್ಕೂ ಕೋತಿಯೇ ಎಂದುಕೊಂಡೆ.

ಸೋಮವಾರ ಬೆಳಗ್ಗೆ ಸ್ಕ್ರೂಡ್ರೈವರ್ ಚೀಲ ಹೆಗಲಿಗೆ ಹಾಕಿಕೊಂಡು ಶೆಡ್ಡಿಗೆ ಹೋದೆ. ಸಾಹುಕಾರರು ಬರುವುದು ಹನ್ನೊಂದಕ್ಕೆ. ನಾನು ಹೋದದ್ದು ಹತ್ತಕ್ಕೆ.

"ಬಂದ್ಯಾ ಕೋತಿ? ಹದಿನೈದು ದಿನ ಆಯ್ತಾ?" ರೈಟರ್ ತಲೆ ಎತ್ತಲಿಲ್ಲ.

"ಇನ್ನೂ ಆಗಿಲ್ಲ ಸಾರ್. ತಮ್ಮ ಮುಖ ನೋಡಿ ಬೇಗ ಬಂದೆ. ತಾವು ಒಂಚೂರು ಸಹಾಯ ಮಾಡಿದ್ರೆ ಒಂದು ಗಂಟೇಲಿ ಮುಗೀತದೆ."

ಕುರ್ಚಿಯಲ್ಲಿ ಕೂತು ಪರದೆ ನೋಡಿದೆ. ನಾಲ್ಕು ಊರು, ನಾಲ್ಕು ಸೂರ್ಯ, ಎಲ್ಲವೂ ಬೆಣ್ಣೆ ಹಚ್ಚಿದ ರೊಟ್ಟಿಯ ಹಾಗೆ ಹೊಳೆಯುತ್ತಿದ್ದವು. ವೈದ್ಯರ ಹಾಗೆ ನಾಲಿಗೆಯಲ್ಲಿ ಚ್ಚು ಚ್ಚು ಅಂದೆ.

"ಸಿಗ್ನಲ್ ಸಾಲ್ತಾ ಇಲ್ಲ ಸಾರ್. ರೂಟರ್ ಎತ್ತರದಲ್ಲಿ ಇರ್ಬೇಕು. ಮೊಳೆ ಹೊಡೆಯೋಕೆ ಗೋಡೆ ಸರಿ ಇಲ್ಲ. ತಾವು ಒಂಚೂರು ಹಿಡ್ಕಂಡ್ರೆ..."

ರೂಟರಿನ ವೈರು ಬಾಗಿಲವರೆಗೆ ಮಾತ್ರ ಬರುತ್ತಿತ್ತು. ನನಗೆ ಬೇಕಾಗಿದ್ದೂ ಬಾಗಿಲೇ. ಆ ಬಾಗಿಲ ಎದುರಿಗೇ ನಲವತ್ತು ಜನ ಕೂತಿರುತ್ತಾರೆ. ರೈಟರನ್ನು ಸ್ಟೂಲಿನ ಮೇಲೆ ಹತ್ತಿಸಿ, ಕೈಗೆ ರೂಟರ್ ಕೊಟ್ಟು, "ತಲೆಗಿಂತ ಒಂದು ಗೇಣು ಮೇಲಕ್ಕೆ ಸಾರ್. ಮುಖ ಸಿರಾ ಕಡೆ. ಅಲ್ಲಾಡ್ಬಾರ್ದು" ಎಂದೆ. ಅಲ್ಲಾಡಿದರೆ ಕಂಪ್ಯೂಟರಿಗೆ ಏನೂ ಆಗುತ್ತಿರಲಿಲ್ಲ. ನನ್ನ ಸಂತೋಷಕ್ಕೆ ಸ್ವಲ್ಪ ಭಂಗ ಬರುತ್ತಿತ್ತು ಅಷ್ಟೇ.

ಹೊರಗೆ ಬಡಿಯುವ ಸದ್ದು ಒಂದೊಂದಾಗಿ ನಿಂತಿತು.

"ಅಯ್ಯೋ, ರೈಟ್ರು ಯಾಕಕ್ಕ ಡಬ್ಬ ಹೊತ್ಕಂಡು ನಿಂತವ್ರೆ?"

"ಹರಕೆ ಇರ್ಬೇಕು ಕಣಮ್ಮ, ಸುಮ್ಕಿರು."

"ಹರಕೆ ಆದ್ರೆ ಚಪ್ಲಿ ಬುಡ್ಬೇಕಲ್ವಾ?"

"ಸಾರ್, ಚಪ್ಲಿ ಬುಟ್ರೆ ಸಿಗ್ನಲ್ ಇನ್ನೂ ಚೆನ್ನಾಗಿ ಬತ್ತದೆ" ಎಂದೆ ನಾನು ಒಳಗಿಂದ. ಅವರು ಬಿಟ್ಟರು. ಈಗಲೂ ಅದನ್ನು ನೆನೆಸಿಕೊಂಡರೆ ನನಗೆ ಊಟ ಎರಡು ತುತ್ತು ಜಾಸ್ತಿ ಸೇರುತ್ತದೆ.

ನಗು ಕಣದ ತುದಿಯವರೆಗೆ ಹರಡಿತು. ಸಿಪ್ಪೆ ರಾಶಿಯ ಹತ್ತಿರ ಒಬ್ಬಳು ಮಾತ್ರ ತಲೆ ಎತ್ತಲಿಲ್ಲ. ನಾನು ಅಷ್ಟೆಲ್ಲ ಕುಣಿಸುತ್ತಿದ್ದದ್ದು ಅವಳಿಗಾಗಿ. ಅವಳು ನಾರು ಎಳೆಯುತ್ತಲೇ ಇದ್ದಳು.

ಅದನ್ನು ನೋಡಿದ ಮೇಲೆ ಆಟ ಸ್ವಲ್ಪ ಸಪ್ಪೆಯಾಯಿತು. ನಿಜವಾಗಿ ಕೆಲಸಕ್ಕೆ ಕೂತೆ. ವಿಜೆಟ್ ಮುಚ್ಚಿ ತೆರೆದೆ. ರಿಫ್ರೆಶ್ ಒತ್ತಿದರೆ ಬಾಣ ಗಿರ್ರನೆ ಸುತ್ತಿ ಸುಸ್ತಾಗಿ ನಿಲ್ಲುತ್ತಿತ್ತು. ಮಧುಗಿರಿಯನ್ನು ತೆಗೆದು ಮತ್ತೆ ಸೇರಿಸಲು ಹೋದರೆ ಮಧುಗಿರಿ ಎಂಬ ಊರೇ ಭೂಮಿಯ ಮೇಲೆ ಇಲ್ಲ ಎಂದಿತು. ನನ್ನ ಮೊಬೈಲನ್ನು ಅದೇ ವೈಫೈಗೆ ಸೇರಿಸಿದೆ, ಎಲ್ಲವೂ ನೀರು ಕುಡಿದ ಹಾಗೆ ತೆರೆದುಕೊಂಡವು. ಅಂದರೆ ನೆಟ್ ಸರಿಯಾಗಿದೆ, ರೂಟರ್ ಸರಿಯಾಗಿದೆ, ರೈಟರ ಕೈ ಸುಮ್ಮನೆ ನೋಯುತ್ತಿದೆ. ಸರಿ ಇರಲಿ ಎಂದು ಹಾಗೇ ಬಿಟ್ಟೆ.

ಕಂಪ್ಯೂಟರಿನಲ್ಲೇ ಬ್ರೌಸರ್ ತೆರೆದು ನೋಡೋಣ ಎನಿಸಿತು. ಆ ಕಂಪ್ಯೂಟರಿನಲ್ಲಿ ಯಾರೂ ಬ್ರೌಸರ್ ತೆರೆಯುವುದೇ ಇಲ್ಲ. ಲೆಕ್ಕವೆಲ್ಲ ರೈಟರ ಪುಸ್ತಕದಲ್ಲಿ, ಮಾತೆಲ್ಲ ಮೊಬೈಲಿನಲ್ಲಿ. ಯಾವ ಪುಟ ಕೇಳಿದರೂ ಅದು ತೆರೆಯಲಿಲ್ಲ. ಬದಲಿಗೆ ಒಂದು ಸಾಲು ಬಂತು: ನಿಮ್ಮ ಗಡಿಯಾರ ಹಿಂದಿದೆ.

ಗಡಿಯಾರ ಇರುವುದು ಪರದೆಯ ಬಲಗಡೆ ಕೆಳಮೂಲೆಯಲ್ಲಿ. ಅಲ್ಲಿ ಗಡಿಯಾರ ಇರಲಿಲ್ಲ, ದೇವರಿದ್ದ. ಆಯುಧಪೂಜೆಯ ದಿನ ಮಾನಿಟರಿಗೂ ಪೂಜೆ ಮಾಡಿ, ಸರಿಯಾಗಿ ಆ ಮೂಲೆಗೇ ದೇವರ ಸ್ಟಿಕ್ಕರ್ ಅಂಟಿಸಿ, ಅದರ ಸುತ್ತ ಅರಿಶಿನ ಕುಂಕುಮ ಮೆತ್ತಿದ್ದರು. ಆರು ತಿಂಗಳಿಂದ ಅವನ ಹಿಂದೆ ಎಷ್ಟು ಗಂಟೆ, ಯಾವ ದಿನ ಎಂದು ಯಾರೂ ಇಣುಕಿ ನೋಡಿರಲಿಲ್ಲ. "ತಪ್ಪಾಯ್ತು ಸ್ವಾಮಿ" ಎಂದು ಉಗುರು ಹಾಕಿ ಮೆಲ್ಲಗೆ ಬಿಡಿಸಿದೆ.

ಹೊರಗೆ ಚೈತ್ರದ ಬಿಸಿಲು ಸುಡುತ್ತಿತ್ತು. ಕಂಪ್ಯೂಟರಿನಲ್ಲಿ ಡಿಸೆಂಬರ್ ತಿಂಗಳು, ಚಳಿಗಾಲ.

ದಿನಾಂಕ ತಪ್ಪಿದ ಯಂತ್ರವನ್ನು ಇಂಟರ್ನೆಟ್ಟು ಒಳಗೆ ಬಿಡುವುದಿಲ್ಲ. ಹಳೆಯ ತಾರೀಖಿನ ಟಿಕೆಟ್ ಹಿಡಿದು ಬಸ್ ಹತ್ತಿದವನನ್ನು ಕಂಡಕ್ಟರ್ ಇಳಿಸುತ್ತಾನಲ್ಲ, ಹಾಗೆ. ಹೊಸ ಸಮಾಚಾರ ಬಾರದೆ ವಿಜೆಟ್ ಕೊನೆಯದಾಗಿ ಕಂಡ ನಾಲ್ಕು ಸೂರ್ಯರನ್ನೇ ಅಪ್ಪಿಕೊಂಡು ಕೂತಿತ್ತು. ನನ್ನಂಥ ರಿಪೇರಿಯವನಿಗೆ ಮೊದಲು ಅನುಮಾನ ಬರುವುದು ಒಳಗಿನ ಪುಟ್ಟ ಸೆಲ್ಲಿನ ಮೇಲೆ. ಅದು ಸತ್ತರೂ ದಿನಾಂಕ ಹಿಂದೆ ಹೋಗುತ್ತದೆ. ಆದರೆ ಆಗ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಬೀಳುತ್ತದೆ, ಗಂಟೆ ನಿಮಿಷವೂ ಕೆಡುತ್ತದೆ. ಇಲ್ಲಿ ಗಂಟೆ ನಿಮಿಷ ಗೋಡೆ ಗಡಿಯಾರಕ್ಕೆ ಸರಿಯಾಗಿ ಹೊಂದುತ್ತಿತ್ತು, ಕೆಟ್ಟಿದ್ದು ತಾರೀಖು ಮಾತ್ರ. ಸಮಯ ತಾನಾಗಿಯೇ ಸರಿಹೋಗಲಿ ಎಂಬ ಗುಂಡಿಯನ್ನು ಯಾರೋ ಆಫ್ ಮಾಡಿದ್ದರು. ಆ ಗುಂಡಿ ತಾನಾಗಿ ಆಫ್ ಆಗುವಂಥದ್ದಲ್ಲ.

ಯಾರು, ಯಾಕೆ? ಗೋಡೆಯ ಕ್ಯಾಲೆಂಡರ್ ತೆಗೆದು ಮಡಿಲಲ್ಲಿಟ್ಟುಕೊಂಡೆ. ಈ ಸೀಜನ್ನಿನ ಮೊದಲ ಲೋಡು ಬಂದದ್ದು ಅಮಾವಾಸ್ಯೆಯ ದಿನ. ಅಮಾವಾಸ್ಯೆ ಎಂದು ರೈಟರ್ ಇಳಿಸಲು ಬಿಡದೆ ಮಧ್ಯಾಹ್ನದವರೆಗೆ ಲಾರಿ ಬಿಸಿಲಲ್ಲಿ ನಿಲ್ಲಿಸಿದ್ದರು ಎಂದು ಅವ್ವ ಗೊಣಗಿದ್ದು ನೆನಪಿತ್ತು. ಅವತ್ತಿನಿಂದ ಇವತ್ತಿನವರೆಗಿನ ದಿನಗಳನ್ನು ಎಣಿಸಿದೆ. ಅಷ್ಟೇ ದಿನವನ್ನು ಕಂಪ್ಯೂಟರಿನ ಡಿಸೆಂಬರಿನಿಂದ ಹಿಂದಕ್ಕೆ ಎಣಿಸಿದೆ. ನನ್ನ ಗಣಿತದ ಮೇಲೆ ನನಗೇ ನಂಬಿಕೆ ಇಲ್ಲದ್ದರಿಂದ ಮತ್ತೊಮ್ಮೆ ಎಣಿಸಿದೆ. ಎರಡು ಸಲವೂ ಹೋಗಿ ನಿಂತದ್ದು ಹೋದ ವಿಜಯದಶಮಿಗೆ.

ಒಳಗೊಳಗೇ ಕುಣಿದೆ. ದನಿಯನ್ನು ಮಾತ್ರ ಬೆಣ್ಣೆ ಮಾಡಿಕೊಂಡೆ.

"ಸಾರ್, ಈ ಸಲ ಮೊದಲ್ನೇ ಲೋಡು ಅಮಾಸೆ ದಿವ್ಸ ಬಂತಲ್ವಾ? ಅಮಾಸೆ ದಿವ್ಸ ಕಂಪ್ಯೂಟ್ರಲ್ಲಿ ಹೆಂಗೆ ಬೋಣಿ ಮಾಡಿದ್ರಿ?"

ಸ್ಟೂಲಿನ ಮೇಲೆ ರೂಟರ್ ಹೊತ್ತು ನಿಂತವರ ಮುಖ ಅರಳಿತು. ಆ ಜಾಣತನವನ್ನು ಅವತ್ತಿನವರೆಗೆ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ.

"ಅಮಾಸೆ ದಿನ ಶುರು ಮಾಡೋಕಾಗ್ತದೇನಪ್ಪಾ? ಸೀಜನ್ನೇ ಹಾಳು. ನಾನೇ ತಲೆ ಓಡ್ಸಿದೆ. ಕಂಪ್ಯೂಟರ್ ತಾರೀಖು ವಿಜಯದಶಮಿಗೆ ತಿರುಗಿಸಿಬಿಟ್ಟೆ. ಶೆಡ್ಡು ಹೊರಗೆ ಅಮಾಸೆ, ಕಂಪ್ಯೂಟರ್ ಒಳಗೆ ದಶಮಿ. ಆಮೇಲೆ ಒಂದೇ ಲೈನ್ ಟೈಪ್ ಮಾಡ್ದೆ, ಬೋಣಿ ಆಯ್ತು. ಎಲಾ ಉಂದಿ?"

"ಬಾಳ ಚೆನ್ನಾಗುಂದಿ ಸಾರ್. ಆಮೇಲೆ ವಾಪಸ್ ತಿರುಗಿಸಿದ್ರಾ?"

ಅವರ ಕೈಯಲ್ಲಿದ್ದ ರೂಟರ್ ಒಂದು ಗೇಣು ಕೆಳಗಿಳಿಯಿತು. ಅಷ್ಟರಲ್ಲಿ ಹೊರಗೆ ಜೀಪಿನ ಹಾರನ್ ಕೇಳಿಸಿತು.

ಸಾಹುಕಾರರು ಒಳಗೆ ಬರಬೇಕಾದರೆ ರೈಟರ ಬಗಲಿನ ಕೆಳಗೆ ನುಸುಳಿ ಬರಬೇಕಾಯಿತು. "ಏನ್ರೀ ಇದು ತಮಾಷಾ? ಏನ್ ಹಕೀಕತ್ತು, ಬರಾಬರ್ ಹೇಳ್ರಿ" ಎಂದರು. ರೈಟರ್ ಇಳಿಯುವ ಮೊದಲೇ ನಾನು ಬಾಗಿಲಿಗೆ ಬಂದು, ಹೆಂಗಸರಿಗೂ ಕೇಳುವ ಹಾಗೆ ಶುರುಮಾಡಿದೆ. ಮೊದಲು ಸ್ಟಿಕ್ಕರ್ ತೋರಿಸಿದೆ. ಅದರ ಹಿಂದಿದ್ದ ಡಿಸೆಂಬರ್ ತೋರಿಸಿದೆ. ವಿಜಯದಶಮಿ ಕಥೆ ಹೇಳಿದೆ. ಈ ಸೂರ್ಯರು ಎರಡು ತಿಂಗಳ ಹಿಂದಿನವರು ಎಂದೆ. ಆಮೇಲೆ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದನ್ನು ತೆಗೆದೆ. ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು, ಗಲ್ಲ ಎತ್ತಿ, ಆ ಮಳೆಯ ದಿನದ ಬೆಳಗನ್ನು ಇದ್ದದ್ದು ಇದ್ದ ಹಾಗೆ ಆಡಿ ತೋರಿಸಿದೆ.

"ಏಮಮ್ಮಾ, ಬೆರಳು ನೋಡಿ ಮಳೆ ಹೇಳೋ ಕಾಲನಾ ಇದು? ಮಧುಗಿರಿ, ಸೂರ್ಯ. ಸಿರಾ, ಸೂರ್ಯ. ಕೊರಟಗೆರೆ, ಸೂರ್ಯ..."

"ಮಾ ಪಾವಗಡ, ಸೂರ್ಯ!" ಎಂದು ಸಾಲಿನ ನಡುವಿನಿಂದ ಯಾರೋ ಮುಗಿಸಿದರು. ನಲವತ್ತು ಜನ ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ ಇನ್ನು ಹಿಂದೆಗೆಯಲು ಆಗುವುದಿಲ್ಲ. ಅಷ್ಟು ದಿನ ಬಾಯಿ ಬಿಡಲು ಹೆದರಿದ್ದ ನಮ್ಮ ಪಕ್ಕದ ಮನೆಯ ಅತ್ತೆ ಎದ್ದು ನಿಂತಳು.

"ಇಂಗೇ ಅಂದಿದ್ದು ಸಾವ್ಕಾರ್ರೇ, ಒಂದಕ್ಷರ ಎಚ್ಚುಕಮ್ಮಿ ಇಲ್ಲ. ಅಕ್ಕ ಬ್ಯಾಡ ಬ್ಯಾಡ ಅಂತ ಬಡ್ಕಂಡ್ಳು. ಹರಡು ಅಂದಿದ್ದು ಇವ್ರೇ."

"ಹೂಂ, ನಾವೂ ಕೇಳುಸ್ಕಂಡಿದೀವಿ" ಎಂದು ಇನ್ನೂ ನಾಲ್ಕು ದನಿ ಸೇರಿದವು.

ಸಾಹುಕಾರರು ನಿಧಾನವಾಗಿ ರೈಟರ ಕಡೆ ತಿರುಗಿದರು. ಅವರ ಬಿಳಿ ಶರ್ಟಿನ ಕಂಕುಳು ಎರಡೂ ಕಡೆ ಒದ್ದೆಯಾಗಿತ್ತು, ಕಾಲು ಬರಿಗಾಲು. ನಾನು ಆ ಚಿತ್ರವನ್ನು ಕಣ್ಣಿನಲ್ಲಿ ತುಂಬಿಕೊಳ್ಳುತ್ತಿದ್ದೆ. ಆಗ ರೈಟರ್ ಒಂದು ಕೆಲಸ ಮಾಡಿದರು. ಮೂಗು ಹಿಡಿದುಕೊಂಡರು.

"ಮಾನ್ಯ ಗ್ರಾಹಕರೇ! ನಿಮ್ಮ ಸೂರ್ಯ ಅಪ್‌ಡೇಟ್ ಆಗಲು ಹದಿನೈದು ಕೆಲಸದ ದಿನಗಳು ಬೇಕಾಗುತ್ತವೆ! ಯಾವುದೇ ಬಟನ್ನನ್ನು ಒತ್ತಬೇಡಿ!" ಮೂಗು ಬಿಟ್ಟರು. "ನಾನು ಕೆಟ್ಟೋಗದೆ ಅಂತ ಫೋನ್ ಮಾಡಿದ್ರೆ ಈ ಕೋತಿ ಹಿಂಗಂದ. ಕೇಳಿ, ಕಾದು ಅನಮನಂಡಿ, ಇಲ್ಲ ಅನ್ಲಿ ನೋಡೋಣ!"

ನನ್ನ ಜೀವಮಾನದಲ್ಲಿ ನನ್ನನ್ನು ಅಣಕಿಸಿದ ಮೊದಲ ಮನುಷ್ಯ ಅವರು. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ, ಬಹಳ ಚೆನ್ನಾಗಿ ಮಾಡಿದರು. ಹೆಂಗಸರು ಮತ್ತೆ ನಕ್ಕರು. ಈ ಸಲ ನಕ್ಕದ್ದು ನನ್ನನ್ನು ನೋಡಿ.

ಸಿಪ್ಪೆ ರಾಶಿಯ ಹತ್ತಿರ ಅವ್ವ ಎದ್ದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಲವತ್ತು ಜನರ ನಡುವಿನಿಂದ ನಡೆದು ಬಂದು ನನ್ನ ಮುಂದೆ ನಿಂತಳು.

"ಹೌದೇನ್ಲಾ?"

"ಹೂಂ."

"ಹೂಂ ಅಂದ್ರೆ?"

"ತಮಾಷೆಗೆ ಅಂದ್ಬುಟ್ಟೆ ಕಣವ್ವ."

ಅವಳು ಹೊಡೆಯಲಿಲ್ಲ, ಬಯ್ಯಲಿಲ್ಲ. ನನ್ನ ಜೇಬಿನಿಂದ ಆ ಎರಡು ಪೆನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಮೊದ್ಲು ಅದುನ್ನ ರಿಪೇರಿ ಮಾಡು" ಎಂದಳು.

ಮಾಡಿದೆ. ಒಂದೇ ಗುಂಡಿ. ದಿನಾಂಕ ನಾಲ್ಕು ತಿಂಗಳು ಮುಂದಕ್ಕೆ ಹಾರಿತು, ಬಾಣ ಎರಡು ಸುತ್ತು ಸುತ್ತಿತು. ಮಧುಗಿರಿಯ ಸೂರ್ಯನ ಮೇಲೆ ಅರ್ಧ ಮೋಡ ಬಂತು. ಪಾವಗಡದ ಕೆಳಗೆ ಮೂರು ಹನಿ ಬಿದ್ದವು. ಎರಡು ತಿಂಗಳು ಶೆಡ್ಡನ್ನೇ ಆಡಿಸಿದ್ದು ಹದಿನೈದು ಸೆಕೆಂಡಿನಲ್ಲಿ ಸರಿಹೋಯಿತು.

ಸಾಹುಕಾರರು ಪರದೆಯನ್ನೇ ನೋಡಿದರು. ಅರ್ಧ ಮೋಡ ಎಂದರೆ ಹರಡಬೇಕ, ಬಿಡಬೇಕ ಎಂದು ಆ ಚಿತ್ರ ಹೇಳುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು ಅವ್ವನ ಕಡೆ ತಿರುಗಿದರು.

"ಏನಮ್ಮಾ, ಇವತ್ತು ಹರಡ್ಬೋದಾ?"

"ನನ್ನೇನ್ ಕೇಳ್ತೀರಾ ಸಾವ್ಕಾರ್ರೇ. ನಾನು ಸಿಪ್ಪೆ ರಾಶಿಯೋಳು."

"ಆಯ್ತು ಬಿಡಮ್ಮ. ನಾಳೆಯಿಂದ ನೀನೇ ಮೇಸ್ತ್ರಿ."

"ನಾಳೆಯಿಂದ ಯಾಕೆ? ಇಳ್ಸಿದ್ದು ನಿಂತ್ ನಿಲುವ್ನಾಗೆ."

ಸಾಹುಕಾರರು ಅವಳ ಕೆಂಪಾದ ಕಣ್ಣು ನೋಡಿದರು, ನೆಲ ನೋಡಿದರು. "ಸರಿ. ಈಗಿಂದಾನೇ."

"ಇನ್ನೊಂದೈತೆ" ಎಂದಳು ಅವ್ವ. ಅವಳ ದನಿ ಏರಲಿಲ್ಲ. ಅಷ್ಟು ತಣ್ಣಗಿನ ದನಿಯನ್ನು ನಾನು ಇವತ್ತಿಗೂ ಅನುಕರಿಸಲು ಆಗಿಲ್ಲ. "ದಿನಾ ಬೆಳಿಗ್ಗೆ ರೈಟ್ರು ಕಣಕ್ಕೆ ಬರ್ಬೇಕು. ಎಲ್ರೂ ಮುಂದೆ ನಾಕೂರ್ದೂ ಓದಿ ಹೇಳ್ಬೇಕು, ತಾರೀಖು ಸಮೇತ. ಆಮ್ಯಾಕೆ ನಾನು ಹಣ್ಣು ಹಿಚುಕಿ ನೋಡ್ತೀನಿ. ಹರಡೋದು ನಾನು ಹೇಳಿದ್ ಮ್ಯಾಲೆ. ಮೋಡ ಏನಾರ ಕಟ್ತೋ, ಟಾರ್ಪಾಲಿನ ಒಂದು ತುದಿ ಅವ್ರು ಹಿಡೀಬೇಕು."

"ಇನ್ನೊಂದು ತುದಿ?" ಎಂದರು ಸಾಹುಕಾರರು.

ಅವ್ವ ನನ್ನ ಕಡೆ ನೋಡಿದಳು. ಕೇಳಿದ ಪ್ರಶ್ನೆಗೆ ಅದೇ ಉತ್ತರ.

ಮನೆಯಲ್ಲಿ ನನ್ನ ಶಿಕ್ಷೆ ಬೇರೆ ನಡೆಯಿತು. ಅವತ್ತಿನಿಂದ ನನ್ನ ತಟ್ಟೆಗೆ ಬಿದ್ದ ಸಾರಿನಲ್ಲಿ ಹುಣಸೆಹಣ್ಣು ಇರಲಿಲ್ಲ. ಬರಿಯ ಬೇಳೆ ನೀರು, ಖಾರ, ಉಪ್ಪು. ತನಗೆ ಬೇರೆ ಪಾತ್ರೆಯಲ್ಲಿ ಹುಳಿ ಹಾಕಿ ಮಾಡಿಕೊಂಡು ನನ್ನೆದುರೇ ಸೊರಸೊರ ಎಂದು ಉಣ್ಣುತ್ತಿದ್ದಳು. ಎಷ್ಟು ದಿನ ಅವ್ವ ಎಂದು ಕೇಳಿದ್ದಕ್ಕೆ, "ಹದಿನೈದು. ಭಾನುವಾರ ಬುಟ್ಟು" ಎಂದಳು. ಭಾನುವಾರವೂ ಹುಳಿ ಹಾಕಲಿಲ್ಲ, ಲೆಕ್ಕಕ್ಕೆ ಮಾತ್ರ ಹಿಡಿಯಲಿಲ್ಲ.

ಈಗ ಅಂಗಡಿ ಬಾಗಿಲು ತೆಗೆಯುವ ಮೊದಲು, ಮುಚ್ಚಿದ ಮೇಲೆ, ದಿನಕ್ಕೆರಡು ಸಲ ಶೆಡ್ಡಿಗೆ ಹೋಗುತ್ತೇನೆ. ಬೆಳಗ್ಗೆ ರೈಟರ್ ಕಣದ ಮಧ್ಯೆ ನಿಂತು ಚೀಟಿ ನೋಡಿಕೊಂಡು ಓದುತ್ತಾರೆ. ಮೊದಲ ದಿನ ದನಿ ಪಾವಗಡದ ಬಸ್ಸಿನಲ್ಲೇ ಉಳಿದುಹೋದ ಹಾಗಿತ್ತು. "ಕೇಳುಸ್ಲಿಲ್ಲ ರೈಟ್ರೇ, ಇನ್ನೊಂದ್ಸಲ" ಎಂದರು ಹೆಂಗಸರು. ಇನ್ನೊಂದು ಸಲ ಓದಿದರು. "ತಾರೀಖು ಸರಿ ಐತಾ ನೋಡ್ಕಳಿ, ದಶ್ಮಿ ಅಲ್ವಲ್ಲಾ?" ಎಂದರು. ಓದು ಮುಗಿದ ಮೇಲೆ ಅವ್ವ ಒಂದು ಹಣ್ಣು ಹೆಕ್ಕಿ ಅಮುಕಿ, ಬೇಕೆಂದೇ ಹಿಂದಿನದಕ್ಕಿಂತ ಎರಡರಷ್ಟು ಹೊತ್ತು ಸುಮ್ಮನಿರುತ್ತಾಳೆ. ಅಷ್ಟು ಹೊತ್ತೂ ರೈಟರ್ ಬಿಸಿಲಿನಲ್ಲಿ ನಿಂತಿರುತ್ತಾರೆ. ನಾನು ಅದನ್ನು ಆನಂದದಿಂದ ನೋಡುತ್ತೇನೆ. ನನಗೆ ಕರುಣೆ ಬಂದಿಲ್ಲ. ಬರುತ್ತದೆ ಎಂದು ಯಾರಾದರೂ ಕಾಯುತ್ತಿದ್ದರೆ ಇನ್ನೂ ಸ್ವಲ್ಪ ಕಾಯಲಿ.

ಸಂಜೆ ಮೋಡ ಚದುರಿದ ಮೇಲೆ ಟಾರ್ಪಾಲು ಮಡಚಬೇಕು. ಕಣದ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವರು. ಇಬ್ಬರೂ ಮೂಲೆ ಹಿಡಿದು ಒಬ್ಬರ ಕಡೆ ಒಬ್ಬರು ನಡೆದು ಬರುತ್ತೇವೆ. ಕೈಗೆ ಕೈ ತಾಗುವಷ್ಟು ಹತ್ತಿರ. ಮೊದಲ ಸಂಜೆ ಅವರು ಸರಕ್ಕನೆ ಜಾಡಿಸಿದರು, ಹುಣಸೆ ಧೂಳೆಲ್ಲ ನನ್ನ ಕಣ್ಣಿಗೆ ಹೊಡೆಯಿತು. ಮರುದಿನ ನಾನು ಒಂದು ಕ್ಷಣ ಮೊದಲೇ ಜಾಡಿಸಿದೆ. ಅವರು ಕೆಮ್ಮಿ, ಕಣ್ಣೊರೆಸಿಕೊಂಡು, ಶರ್ಟಿನ ತೋಳು ಮೇಲಕ್ಕೆ ಮಡಚಿದರು.

"ಸರಿಯಾಗಿ ಎಳೀರಿ ಇಬ್ರೂವೆ" ಎಂದಳು ಮೇಸ್ತ್ರಿ, ತನ್ನ ಜಾಗದಿಂದ. "ಮೂಲೆಗೆ ಮೂಲೆ ಕೂಡಿಲ್ಲ. ಬಿಚ್ಚಿ, ಇನ್ನೊಂದ್ಸಲ ಮಡ್ಚಿ."